ಗಂಟೆ ಬಾರಿಸಲು ಅನುಮತಿ

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ‘ಒಂದು ಸರ್ವರ್ ಇತ್ತು’ ಅಂದರೆ ಪುಟ ತಿರುಗಿಸಿಬಿಡುತ್ತೀರಿ. ‘ನೆಲದ ಮೇಲೆ ರಕ್ತ’ ಅಂದರೆ ಪತ್ತೇದಾರಿ ಕಥೆ ಅಂದುಕೊಂಡು ನೆಟ್ಟಗೆ ಕೂರುತ್ತೀರಿ, ಆಮೇಲೆ ನನಗೆ ಬೈಯುತ್ತೀರಿ. ಎರಡೂ ಬೇಡ. ರಕ್ತ ಇದೆ, ಆದರೆ ನೆಲದ ಮೇಲಲ್ಲ, ಫ್ರಿಜ್‌ನಲ್ಲಿದೆ.

೧

(ಇದು ಮೂರನೆಯ ಕರಡು. ಮೊದಲೆರಡು ಯಾಕೆ ಸತ್ತವು ಅಂತ ಕೇಳಬೇಡಿ, ಹೊಟ್ಟೆ ಉರಿಯುತ್ತದೆ.)

ಆಸ್ಪತ್ರೆಯ ರಕ್ತ ಸಂಗ್ರಹದ ಕೋಣೆಯಲ್ಲಿ ಆರು ಫ್ರಿಜ್‌ಗಳು. ಒಂದೊಂದರೊಳಗೂ ತಂತಿಯ ತುದಿಗೆ ಬಟಾಣಿ ಕಾಳಿನಷ್ಟು ದೊಡ್ಡ ಸೆನ್ಸರ್. ಪಕ್ಕದ ಕೋಣೆಯ ಸರ್ವರ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಇದೆ. ಅದು ನಿಮಿಷಕ್ಕೊಮ್ಮೆ ಆರೂ ಸೆನ್ಸರ್‌ಗಳನ್ನು ಓದುತ್ತದೆ. ನಾನು ಅದಕ್ಕೆ ಕಾವಲುಗಾರ ಅಂತ ಹೆಸರಿಟ್ಟಿದ್ದೇನೆ. ಯಾವುದಾದರೂ ಫ್ರಿಜ್ ಆರು ಡಿಗ್ರಿ ದಾಟಿತೋ, ಕಾವಲುಗಾರ ನರ್ಸ್ ಮೇಜಿನ ಮೇಲಿರುವ ಗಂಟೆ ಬಾರಿಸಬೇಕು. ಅಷ್ಟೇ ಅವನ ಕೆಲಸ.

ನಾಲ್ಕನೆಯ ಫ್ರಿಜ್‌ನಲ್ಲಿ ಅಮ್ಮನ ಹೆಸರಿನ ಚೀಟಿ ಅಂಟಿಸಿದ ಎರಡು ಚೀಲಗಳಿವೆ. ಅಪರೂಪದ ಗುಂಪು, ಹುಡುಕಿ ಹುಡುಕಿ ಕಾಲು ಸವೆದವು. ಗುರುವಾರ ಅಮ್ಮನ ಸೊಂಟದ ಆಪರೇಷನ್. ಚೀಲ ಕೆಟ್ಟರೆ ಆಪರೇಷನ್ ಇಲ್ಲ. ಈ ವಿಷಯ ಕೊನೆಯವರೆಗೂ ಬಚ್ಚಿಟ್ಟು ನಿಮ್ಮನ್ನು ಅಳಿಸೋಣ ಅಂದುಕೊಂಡಿದ್ದೆ. ಅಕ್ಕ ಬಿಡಲಿಲ್ಲ.

"ಓದೋರ ಹತ್ರ ಕಣ್ಣಾಮುಚ್ಚಾಲೆ ಆಡಬೇಡ. ಮೊದಲೇ ಹೇಳಿಬಿಡು," ಅಂದಳು.

ಹೇಳಿಬಿಟ್ಟೆ.

೨

ಅಕ್ಕ ನನ್ನ ಸ್ವಂತ ಅಕ್ಕ. ಕಥೆಯೊಳಗೂ ಅವಳೇ. ಇದೇ ಆಸ್ಪತ್ರೆಯಲ್ಲಿ ಸರ್ವರ್‌ಗಳಿಗೆ ಪಾಲಿಸಿ ಬರೆಯುವುದು ಅವಳ ಕೆಲಸ. (ನಮ್ಮ ಸೋದರತ್ತೆ ಇವತ್ತಿಗೂ ಅವಳು ವಿಮೆ ಮಾರುತ್ತಾಳೆ ಅಂತಲೇ ನಂಬಿದ್ದಾರೆ.) ಪಾಲಿಸಿ ಅಂದರೆ ಒಂದು ಪಟ್ಟಿ: ಯಾವ ಪ್ರೋಗ್ರಾಂ ಏನು ಓದಬಹುದು, ಎಲ್ಲಿ ಬರೆಯಬಹುದು, ಯಾವುದನ್ನು ಮುಟ್ಟಬಹುದು. ಪಟ್ಟಿಯಲ್ಲಿ ಇಲ್ಲ ಅಂದರೆ ಇಲ್ಲ. ಮಿಷನ್ನಿನ ಯಜಮಾನನೇ ಬಂದು "ನಾನು ಹೇಳ್ತಿದ್ದೀನಿ, ಬಿಡು" ಅಂದರೂ ಬಿಡುವುದಿಲ್ಲ.

"ಅಲ್ಲಾ, ಕಾವಲುಗಾರನಿಗೇ ಯಾಕೆ ಕಡಿವಾಣ?" ಅಂತ ಕೇಳಿದ್ದೆ.

"ಎಲ್ಲಾ ಕಡೆ ಇಣುಕೋನು ಅವನೇ ತಾನೇ? ಕಳ್ಳ ಒಳಗೆ ಬಂದ್ರೆ ಮೊದಲು ಅವನ ವೇಷಾನೇ ಹಾಕ್ಕೋತಾನೆ. ರೋಗಿಗಳ ಹೆಸರು, ಕಾಯಿಲೆ, ಎಲ್ಲಾ ಅದೇ ಮಿಷನ್ನಲ್ಲಿದೆ. ಇವನಿಗೆ ಫ್ರಿಜ್ ಸಾಕು."

ಎರಡು ವಾರ ಪಟ್ಟಿಯನ್ನು ಜಾರಿ ಮಾಡದೆ ಬರೀ ಗೊಣಗಲು ಬಿಟ್ಟಿದ್ದಳು. ಕಾವಲುಗಾರ ಪಟ್ಟಿ ಮೀರಿ ಏನು ಮಾಡಿದರೂ ಸರ್ವರ್ ತಡೆಯುವುದಿಲ್ಲ, ಲಾಗ್ ಅನ್ನುವ ದಾಖಲೆಯಲ್ಲಿ ಒಂದು ಸಾಲು ಬರೆದಿಡುತ್ತದೆ. (ನಮ್ಮ ದೊಡ್ಡಪ್ಪನ ಹಾಗೆ.) ಹಾಗೆ ಬಿದ್ದ ನಾನೂರ ಹನ್ನೆರಡು ಸಾಲುಗಳನ್ನು ಅಕ್ಕ ಒಂದೊಂದಾಗಿ ಓದಿ, ಬೇಕಾದ್ದನ್ನು ಪಟ್ಟಿಗೆ ಸೇರಿಸಿ, ಬೇಡದ್ದನ್ನು ತಳ್ಳಿದಳು. ಈ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಗೊಣಗಾಟ ಬಂದ್, ಪಟ್ಟಿ ಜಾರಿ.

ಅದೇ ಎರಡು ವಾರ ನಾನೂ ಅವಳ ಮೇಜಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಅವಳನ್ನೇ ನೋಡಿ ನೋಡಿ ಬರೆದುಕೊಂಡೆ. ಎಷ್ಟು ಸಲ ನಕ್ಕಳು (ಮೂವತ್ತೊಂದು), ಎಷ್ಟು ಸಲ ರೇಗಿದಳು (ಒಂಬತ್ತು, ಅದರಲ್ಲಿ ಏಳು ನನ್ನ ಮೇಲೆ). ಪಾತ್ರ ಕಟ್ಟುವುದು ಹೀಗೇ ಅಂತ ನನ್ನ ನಂಬಿಕೆ.

೩

‘ಬೇಸತ್ತ ಅಕ್ಕ ನಾನೂರ ಹನ್ನೆರಡು ಸಾಲುಗಳನ್ನೂ ಓದದೆ ಒಟ್ಟಿಗೇ ಬಾಚಿ ಅನುಮತಿ ಕೊಟ್ಟುಬಿಟ್ಟಳು.’

"ಯಾರು ಕಣೋ ಇದನ್ನ ಮಾಡಿದ್ದು?" ಅಂದಳು ಅಕ್ಕ, ಕರಡು ನೋಡಿ.

"ನೀನೇ. ಕಥೇಲಿ."

"ಸತ್ತರೂ ಮಾಡಲ್ಲ. ತೆಗಿ ಅದನ್ನ."

ತೆಗೆದೆ. ಕಥೆಗಾರನ ಮಾನ ಹೀಗೆ ಹರಾಜಾಗುತ್ತಿದೆ, ನೋಡಿಕೊಳ್ಳಿ.

೫

(೪ ಇಲ್ಲ. ಅದರಲ್ಲಿ ಅಕ್ಕನ ಪ್ರೇಮಪ್ರಸಂಗವಿತ್ತು. ಹೆಚ್ಚು ಕೇಳಬೇಡಿ.)

ಅಂತ್ಯ ಅ: ಹನ್ನೊಂದಕ್ಕೆ ಪಟ್ಟಿ ಜಾರಿಯಾಗುತ್ತದೆ. ಪರದೆಯೆಲ್ಲ ಹಸಿರು. ಎಲ್ಲರೂ ಕೈ ಕುಲುಕುತ್ತಾರೆ. (ಆಕಳಿಕೆ.)

ಅಂತ್ಯ ಆ: ಮಂಗಳವಾರ ನಾಲ್ಕನೆಯ ಫ್ರಿಜ್‌ನ ಬಾಗಿಲು ಸರಿಯಾಗಿ ಮುಚ್ಚಿರುವುದಿಲ್ಲ. ಏಳು ಡಿಗ್ರಿ. ಒಂಬತ್ತು. ಹನ್ನೆರಡು. ಗಂಟೆ ಹೊಡೆಯುವುದೇ ಇಲ್ಲ!

ಉಪ್ಪುಖಾರ ಹಚ್ಚಿದ್ದಕ್ಕೆ ಬೀಗುತ್ತಾ ‘ಆ’ ಅನ್ನು ಅಕ್ಕನಿಗೆ ತೋರಿಸಿದೆ. ಆಗ ಸೋಮವಾರ ಹತ್ತೂವರೆ.

"ಯಾಕೆ ಹೊಡೀಲಿಲ್ಲ ಗಂಟೆ?"

"ಕಥೆಗೆ ಬೇಕಿತ್ತು."

"ಅದಲ್ಲ ಕಣೋ. ಕಾರಣ?"

"ಕಾರಣ ಆಮೇಲೆ ಹುಡುಕಿದರಾಯ್ತು ಬಿಡು."

ಅವಳು ರೇಗಲಿಲ್ಲ. ಪರದೆಯ ಕಡೆ ತಿರುಗಿ ಲಾಗ್ ತೆರೆದು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದಳು.

"ಎರಡು ವಾರದಲ್ಲಿ ಗಂಟೆ ಎಷ್ಟು ಸಲ ಹೊಡೀತು, ಹೇಳು?"

"ಒಂದ್ಸಲಾನೂ ಇಲ್ಲ. ಫ್ರಿಜ್‌ಗಳೆಲ್ಲ ತಣ್ಣಗೇ ಇದ್ವಲ್ಲ."

"ಹೊಡೆದಿದ್ರೆ ತಾನೇ ಲಾಗಿಗೆ ಬರೋದು? ಲಾಗಿಗೆ ಬಂದಿದ್ರೆ ತಾನೇ ನಾನು ಪಟ್ಟಿಗೆ ಸೇರಿಸೋದು? ಅಯ್ಯೋ! ಒಳ್ಳೇ ದಿನಗಳನ್ನ ನೋಡಿಕೊಂಡು ಪಟ್ಟಿ ಮಾಡಿದ್ದೀನಿ ಕಣೋ ನಾನು!"

ಓದುಗರೇ, ನನ್ನ ಮೈ ಜುಂ ಅಂದಿತು. ಸುಮ್ಮನೆ ಬಿಟ್ಟ ಸುಳ್ಳೊಂದು ಹೋಗಿ ನಿಜದ ಬಾಗಿಲು ತಟ್ಟಿತ್ತು! ಕುಣಿಯಬೇಕು ಅನ್ನಿಸಿತು. ಮರುಕ್ಷಣ ಅಮ್ಮನ ಚೀಲಗಳು ನೆನಪಾದವು.

೬

ಅಷ್ಟರಲ್ಲಿ ಸಾಹೇಬರು, ಅಂದರೆ ಅಕ್ಕನ ಮೇಲಧಿಕಾರಿ, ಗಡಿಯಾರ ನೋಡುತ್ತಾ ಬಂದರು.

"ಎಲ್ಲಾ ಹಸಿರಾಗಿದೆಯಲ್ಲಮ್ಮ. ಇನ್ನೇನು, ಒತ್ತಿಬಿಡಿ."

"ಒತ್ತುತ್ತೀನಿ ಸರ್. ಆದರೆ ಮೊದಲು ಒಂದು ಫ್ರಿಜ್ ಕೆಡಬೇಕು."

"ಏನು? ತಲೆ ಸರಿ ಇದೆಯಾ?"

ಅಕ್ಕ ನನ್ನ ಕಡೆ ತಿರುಗಿದಳು. ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. "ಕೂತು ಬರೆದಿದ್ದು ಸಾಕು, ಬಾರೋ. ಕೈ ಬಿಸಿ ಇದೆಯಾ?"

ಅವಳು ಪಟ್ಟಿ ಜಾರಿ ಮಾಡಿದಳು. ಹಿರಿಯ ನರ್ಸ್ ಫ್ರಿಜ್ ನಾಲ್ಕರಿಂದ ಸೆನ್ಸರ್ ಒಂದನ್ನೇ ಹೊರಗೆಳೆದು, ಬಾಗಿಲು ಭದ್ರವಾಗಿ ಮುಚ್ಚಿ, ಅದನ್ನು ನನ್ನ ಅಂಗೈಗೆ ಇಟ್ಟು ತಮ್ಮ ಮೇಜಿಗೆ ಓಡಿದರು. ಮುಷ್ಟಿ ಬಿಗಿದೆ. ಪಕ್ಕದ ಕೋಣೆಯ ತೆರೆದ ಬಾಗಿಲಿನಿಂದ ಅಕ್ಕ ಪರದೆ ನೋಡಿ ಕೂಗುತ್ತಿದ್ದಳು.

"ಐದು! ಬಿಡಬೇಡ! ... ಹತ್ತೊಂಬತ್ತು! ... ಇಪ್ಪತ್ತೆಂಟು!"

ಗಂಟೆ ಇಲ್ಲ. ಇನ್ನೊಂದು ನಿಮಿಷ ಕಾದೆವು.

"ನನ್ನ ಮೇಜಲ್ಲಿ ಸದ್ದೇ ಇಲ್ಲಮ್ಮ!" ನರ್ಸ್ ಆ ಕಡೆಯಿಂದ ಕೂಗಿದರು.

ಲಾಗ್‌ನಲ್ಲಿ ಹೊಸ ಸಾಲು ಬಿದ್ದಿತ್ತು. ಕಾವಲುಗಾರ, ಗಂಟೆ, ಅನುಮತಿ ಇಲ್ಲ.

ಅಕ್ಕ ಕುರ್ಚಿಯಿಂದ ಜಾರಿ ನೆಲಕ್ಕೆ ಕುಕ್ಕರಿಸಿದಳು. "ಗುರುವಾರ... ಅಮ್ಮ..." ಅಂದಳು, ಬಿಕ್ಕಿ ಬಿಕ್ಕಿ ಅತ್ತಳು. ಸಾಹೇಬರು ಗಡಿಯಾರ ನೋಡುವುದನ್ನು ಬಿಟ್ಟರು.

ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಎರಡು ವಾರದ ನನ್ನ ಟಿಪ್ಪಣಿಯಲ್ಲಿ ಅಕ್ಕ ನಕ್ಕಿದ್ದಾಳೆ, ರೇಗಿದ್ದಾಳೆ. ಅತ್ತೇ ಇಲ್ಲ. ಹಾಗಾಗಿ ನನ್ನ ಕಥೆಯ ಅಕ್ಕನಿಗೆ ಅಳಲು ಅನುಮತಿಯೇ ಇರಲಿಲ್ಲ. ಅವಳಿಗೆ ಹೆದರಿಕೆ ಇದ್ದದ್ದು ನನಗೆ ಗೊತ್ತೇ ಆಗಿರಲಿಲ್ಲ. ನಾಚಿಕೆಯಾಯಿತು. ಸೆನ್ಸರ್ ಬಿಟ್ಟು, ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತೆ.

"ಈಗಲೇ ಗೊತ್ತಾಯ್ತಲ್ಲ ಅಕ್ಕ. ಚೀಲ ತಣ್ಣಗೇ ಇದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಒಂದೇ ಒಂದು ಸಾಲು ಬರೆದಳು. ಕಾವಲುಗಾರ ಗಂಟೆ ಬಾರಿಸಬಹುದು. ಗಂಟೆ ಮಾತ್ರ, ಬೇರೇನೂ ಮುಟ್ಟುವಂತಿಲ್ಲ.

ಸೆನ್ಸರ್ ಫ್ರಿಜ್‌ಗೆ ಹೋಗಿ ತಣ್ಣಗಾಯಿತು. ಮತ್ತೆ ಅಂಗೈಗೆ ಬಂತು. ಐದು. ಹದಿನೆಂಟು...

ಹೊಡೆಯಿತು!

"ಹೊಡೀತು! ಹೊಡೀತು ಕಣಮ್ಮಾ!" ನರ್ಸ್ ಕಿರುಚಿದರು. ನಾನು ಹಾರಿದೆ, ಸಾಹೇಬರು ಚಪ್ಪಾಳೆ ತಟ್ಟಿದರು. ಗಂಟೆ ಹೊಡೆಯುತ್ತಲೇ ಇತ್ತು, ಎಷ್ಟು ಹೊತ್ತಾದರೂ ನಿಲ್ಲಿಸಲು ಯಾರಿಗೂ ಮನಸ್ಸಾಗಲಿಲ್ಲ.

೭

‘ಮುಗಿಯಿತು’ ಅಂತ ಬರೆದೆ.

"ತೆಗಿ ಅದನ್ನ," ಅಂದಳು ಅಕ್ಕ, ಹಿಂದಿನಿಂದ ಬಗ್ಗಿ ಓದುತ್ತಾ.

"ಇನ್ನೇನೇ? ಹೊಡೀತಲ್ಲ!"

"ಇವತ್ತು ಹೊಡೀತು. ನಾಳೆ ಯಾರೋ ಪಟ್ಟಿ ತಿದ್ದುತ್ತಾರೆ, ಇನ್ಯಾರೋ ಹೊಸ ಗಂಟೆ ತಂದಿಡುತ್ತಾರೆ. ಮುಗೀತು ಅಂತ ನೀನು ಬರೆದರೆ ಮತ್ತೆ ಯಾರು ಕಣೋ ಸೆನ್ಸರ್ ಕೈಯಲ್ಲಿ ಹಿಡಿದು ನೋಡೋದು?"

ಫ್ರಿಜ್ ಬಾಗಿಲಿಗೆ ಅವಳು ಒಂದು ಹಾಳೆ ಅಂಟಿಸಿದ್ದಾಳೆ. ಪ್ರತಿ ಸೋಮವಾರ, ಹಿಡಿದವರು ಯಾರು, ಹೊಡೆಯಿತೇ. ಮೊದಲ ಸಾಲಿನಲ್ಲಿ ‘ತಮ್ಮ, ಹೊಡೆಯಿತು’ ಅಂತಿದೆ. ಕೆಳಗೆಲ್ಲ ಖಾಲಿ.

ಗುರುವಾರ ಏನಾಯಿತು ಅಂತ ಕೇಳುತ್ತಿದ್ದೀರಿ, ಗೊತ್ತು. ಇದನ್ನು ನಾನು ಬರೆಯುತ್ತಿರುವುದು ಸೋಮವಾರ ಮಧ್ಯಾಹ್ನ. ಗುರುವಾರವನ್ನು ಓದಲು ನನಗೆ ಅನುಮತಿ ಇಲ್ಲ. ಸುಖಾಂತ್ಯ ಒಂದನ್ನು ಬರೆದು ಹಾಕಬಹುದಿತ್ತು, ಆದರೆ ಒಳ್ಳೇ ದಿನಗಳನ್ನಷ್ಟೇ ನೋಡಿ ಬರೆದದ್ದರ ಗತಿ ಏನಾಯಿತು ಅಂತ ನೀವೇ ನೋಡಿದಿರಿ.

ಎರಡನೆಯ ಸಾಲು ಖಾಲಿ ಇದೆ. ನಿಮ್ಮ ಕೈ ಕೊಡಿ ನೋಡೋಣ, ಬಿಸಿ ಇದೆಯಾ?