ಉಪ್ಪುಹಿಟ್ಟಿನ ಬಳೆಗಳು

ತಟ್ಟೆ ಹಿಡಿದು ಅಂಗಳಕ್ಕೆ ಕಾಲಿಡುವಾಗ ದಾನೇಶ್ವರಿಗೆ ಇದ್ದದ್ದು ಒಂದೇ ಅಂಜಿಕೆ: ಯಾರಾದರೂ ಏನಾದರೂ ಕೇಳಿದರೆ ತನ್ನ ದನಿ ಹೊರಡುವುದಿಲ್ಲ. ಸತ್ತವರ ಮನೆಗೆ ಬಂದು ಇಂಥದ್ದಕ್ಕೆ ಹೆದರುವುದು ಸಣ್ಣತನವೆಂದು ತನ್ನೊಳಗೇ ಒಪ್ಪಿಕೊಂಡಳು. ಬಿ.ಎ. ಮುಗಿದಿತ್ತು; ನಾಲ್ಕು ಮಂದಿಯ ಎದುರು ಮಾತು ಇನ್ನೂ ಗಂಟಲಲ್ಲೇ ನಿಲ್ಲುತ್ತಿತ್ತು.

ಅವಳ ಹಿಂದೆ ಅಂಗನವಾಡಿಯ ಏಳು ಮಕ್ಕಳು. ತಟ್ಟೆಯಲ್ಲಿ ಬಳೆ, ಸರ, ಓಲೆ. ಗೋದಿಹಿಟ್ಟಿಗೆ ಉಪ್ಪು ಬೆರೆಸಿ ಕಲಸಿ, ಬಿಸಿಲಿಗೆ ಒಣಗಿಸಿ, ಬಣ್ಣ ಹಚ್ಚಿದವು. ಕಳೆದ ವಾರ ಅವನ್ನು ಮಕ್ಕಳಿಂದ ಮಾಡಿಸಿದ್ದ ಅಂಗನವಾಡಿ ಆಯಾ ರಾಮವ್ವ ಈಗ ಪಡಸಾಲೆಯ ಗೋಡೆಗೆ ಒರಗಿ, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು ಕೂತಿದ್ದಳು. ನಿನ್ನೆ ಸಂಜೆ ಜೀವ ಹೋಗಿತ್ತು.

"ಏನವ್ವಾ ಇದು?" ರಾಮವ್ವನ ಮೈದುನ ಶಂಕ್ರೆಪ್ಪ ತಡೆದ.

"ಆಯಿಗೆ ಹಾಕಾಕ ತಂದೇವಿ," ಎಂದಳು ಐದು ವರ್ಷದ ಪ್ರಜ್ಞಾ.

"ಗಂಡ ಸತ್ತು ಮೂವತ್ತೆಂಟು ವರ್ಷಾತು. ಒಂದು ಬಳಿ ಮುಟ್ಟಿದಾಕಿ ಅಲ್ಲ ನಮ್ಮ ವೈನಿ. ಹೋಗೋ ಹೊತ್ತಿನ್ಯಾಗ ಆಕಿ ಮರ್ಯಾದಿ ತಗೀಬ್ಯಾಡ್ರಿ."

ಸುತ್ತ ಕೂತವರು ತಲೆಯಾಡಿಸಿದರು. ನೆರೆಮನೆಯ ಲಾಲಬಿ ಮಾತ್ರ ಸುಮ್ಮನಿರಲಿಲ್ಲ. "ಹೂಳೋ ಕುಣ್ಯಾಗ ಹಾಕಾಕ ಚೀಲಗಟ್ಲೆ ಉಪ್ಪು ತರಿಸೀರಿ, ಶಂಕ್ರೆಪ್ಪಣ್ಣ. ಆ ಉಪ್ಪು ನಡೀತೈತಿ, ಹುಡುಗರ ಉಪ್ಪು ನಡಿಯಂಗಿಲ್ಲೇನು?"

"ಅದನ್ನ ಮೊದಲ ನಿನ್ನ ಬಾಯಿಗೆ ಹಾಕಬೇಕಿತ್ತು."

"ಹಾಕ್ರಿ. ಆಮ್ಯಾಲೂ ಮಾತಾಡ್ತೇನಿ."

"ಆಯಿ ಶನಿವಾರಕ್ಕೊಮ್ಮೆ ಹಾಕ್ಕೋತಾಳ," ಎಂದಳು ಪ್ರಜ್ಞಾ.

"ಹುಡುಗರು ಏನರ ಅಂತಾವ." ಶಂಕ್ರೆಪ್ಪ ದಾನೇಶ್ವರಿಯತ್ತ ತಿರುಗಿದ. "ನೀ ಕಲತಾಕಿ, ನೀ ಹೇಳು. ಖರೇ ಏನು?"

ಅವಳು ತಟ್ಟೆಯಲ್ಲಿದ್ದ ಬಳೆಗಳತ್ತ ನೋಡಿದಳು.

*

ಮೊದಲ ಸಲ ರಾಮವ್ವ ಜೋಳದ ಹಿಟ್ಟಿನಲ್ಲಿ ಮಾಡಿಸಿದ್ದಳು. ಒಣಗುತ್ತಲೇ ಎಲ್ಲ ಬಿರುಕು ಬಿಟ್ಟವು. "ಜ್ವಾಳಕ್ಕ ಜಿಗಿ ಇಲ್ಲ," ಎಂದು ಮರುವಾರ ಮನೆಯಿಂದ ಗೋದಿಹಿಟ್ಟು ತಂದಳು. ಪೂರ್ತಿ ಮುಚ್ಚಿದ ಬಳೆ ಕೈಗೇರಿಸುವಾಗ ಮುರಿಯುತ್ತದೆಂದು ಒಂದು ಕಡೆ ಬಾಯಿ ಬಿಡಿಸಿದಳು. ಮಕ್ಕಳು ಕದ್ದು ಕಚ್ಚಿ ಥೂ ಎಂದು ಉಗುಳಿದರೆ ಹೊಟ್ಟೆ ಹಿಡಿದು ನಗುವಳು. ಮಧ್ಯಾಹ್ನ ಬಣ್ಣ ಹಚ್ಚಿಕೊಡಲು ದಾನೇಶ್ವರಿ ಅಂಗನವಾಡಿಗೆ ಹೋಗುತ್ತಿದ್ದಳು.

ಒಂದು ಶನಿವಾರ ಪ್ರಜ್ಞಾ ಹಟ ಹಿಡಿದು ನೀಲಿ ಬಳೆ ಚಾಚಿದಳು. ರಾಮವ್ವ ಬೀದಿಯತ್ತ ನೋಡಿದಳು.

"ದಾನವ್ವ, ಬಾಗಲಾ ಹಾಕು."

ಆಮೇಲೆ ಪ್ರತಿ ಶನಿವಾರ ಬಾಗಿಲು ಮುಚ್ಚುತ್ತಿತ್ತು. ಕೈತುಂಬ ಬಳೆ ತೊಟ್ಟು, ಅನ್ನದ ಪಾತ್ರೆಯ ಮುಚ್ಚಳದಲ್ಲಿ ಮುಖ ನೋಡಿಕೊಂಡು, ರಾಮವ್ವ ಮಕ್ಕಳೊಡನೆ ಕುಣಿಯುವಳು. ಮಕ್ಕಳನ್ನು ಮನೆಗೆ ಕಳಿಸುವ ಮೊದಲು ಎಲ್ಲವೂ ಡಬ್ಬಿಗೆ.

"ನೀ ಮಾತಾಡಾಕಿ ಅಲ್ಲ. ಅದಕ್ಕ ನಿನ್ನ ಮುಂದ ನನಗ ಅಂಜಿಕಿಲ್ಲ," ಎಂದಿದ್ದಳೊಮ್ಮೆ. ಕಳೆದ ವಾರ ಮಾತ್ರ ಹೊಸ ಬಳೆಗಳನ್ನು ಬಿಸಿಲಿಗಿಡುತ್ತ ಬೇರೆಯೇ ಹೇಳಿದಳು: "ಇವು ಒಣಗಲಿ. ಬರೋ ಶನಿವಾರ ಬಾಗಲಾ ತಗದ ಇಡು. ನೋಡವರು ನೋಡ್ಲಿ."

*

ಆ ಶನಿವಾರಕ್ಕೆ ಇನ್ನೂ ಎರಡು ದಿನವಿತ್ತು.

"ಹೇಳವ್ವ," ಎಂದ ಶಂಕ್ರೆಪ್ಪ.

ದನಿ ಬರಲಿಲ್ಲ. ದಾನೇಶ್ವರಿ ಅವನನ್ನು ದಾಟಿ ಪಡಸಾಲೆಗೆ ಹೋಗಿ, ಮೊಣಕಾಲೂರಿ ರಾಮವ್ವನ ತಣ್ಣನೆಯ ಕೈ ಎತ್ತಿದಳು. ಬಳೆಯ ಬಾಯನ್ನು ಮಣಿಕಟ್ಟಿಗೆ ಓರೆಯಾಗಿ ಹಿಡಿದು ತಿರುಗಿಸಿದಳು. ಏರಿತು, ಮುರಿಯಲಿಲ್ಲ.

"ಏ ಹುಡುಗಿ," ಎಂದು ಯಾರೋ ಗದರಿದರು. ಅಷ್ಟರಲ್ಲಿ ಮಕ್ಕಳು ನುಗ್ಗಿಯಾಗಿತ್ತು. ಎರಡೂ ಕೈಗೆ ನೀಲಿ, ಹಳದಿ, ಗುಲಾಬಿ. ಕೊರಳಿಗೆ ಕೆಂಪು ಸರ. ಲಾಲಬಿ ಕುಂಟುತ್ತ ಬಂದು ಓಲೆಯ ದಾರವನ್ನು ಕಿವಿಗೆ ಸುತ್ತಿದಳು. ಅಂಗಳದ ಮಂದಿ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡಿದರು. ಅಳುತ್ತಿದ್ದ ಮುದುಕಿಯೊಬ್ಬಳು ಅಳು ಮರೆತು, "ಯವ್ವಾ, ಮದಲಗಿತ್ತಿ ಕಂಡಂಗ ಕಾಣ್ತಾಳ," ಎಂದಳು.

ಶಂಕ್ರೆಪ್ಪ ಸರದ ದಾರ ಹಿಡಿದ.

"ನಾ ಕೇಳಿದ್ದಕ್ಕ ಉತ್ತರಾ ಕೊಡು. ಇಲ್ಲಂದ್ರ ತಗೀತೇನಿ."

ದಾನೇಶ್ವರಿ ಎದ್ದು ನಿಂತಳು. ಅವಳ ಮಾತು ಬೀದಿಯವರೆಗೂ ಕೇಳಿಸಿತು.

"ಖರೇ ರೀ ಕಾಕಾ. ಆಯಿ ವಾರಾ ವಾರಾ ಬಳಿ ಹಾಕ್ಕೋತಿದ್ಲು. ಆಕಿಗೆ ಭಾಳ ಸೇರ್ತಿತ್ತು."

ಶಂಕ್ರೆಪ್ಪ ಹಿಡಿದ ದಾರ ಬಿಟ್ಟ. ಆಮೇಲೆ, ಒಂದು ಕಡೆ ವಾಲಿದ್ದ ಸರವನ್ನು ಎರಡು ಬೆರಳಲ್ಲಿ ಮೆಲ್ಲಗೆ ನಡುವಿಗೆ ತಂದು ಕೂಡಿಸಿದ.