ಬಸ್ಸಿನ ಮೇಲೆ ಬೆಟ್ಟಮ್ಮ

ಸಾವಿರದ ಒಂಬೈನೂರ ಅರವತ್ತೆರಡರ ಚಳಿಗಾಲ. ರಾಮನಾಥಪುರದಲ್ಲಿ ಬೆಟ್ಟಮ್ಮ ಬಸ್ಸಿಗೆ ಒಂದು ಕಾಲಿಟ್ಟಳು, ಒಳಗಿನ ತಗಡಿನ ಸೂರು ನೋಡಿ ಇಳಿದಳು. ಮತ್ತೆ ಹತ್ತಿದಳು, ಮತ್ತೆ ಇಳಿದಳು.

"ಏನವ್ವಾ ನಿಂದು?" ಎಂದ ಕಂಡಕ್ಟರ್ ಪುಟ್ಟಸ್ವಾಮಿ.

"ಒಳೀಕೆ ಕೂರಕಾಗಕಿಲ್ಲ ಕಣಪ್ಪ, ಉಸ್ರು ಕಟ್ತದೆ. ಆಸನ ಪ್ಯಾಟೆ ಆಸ್ಪತ್ರೇಲಿ ಮಗಳ್ಗೆ ಎರ್ಗೆ ಆಯ್ತಂತೆ, ಓಗ್ಲೇಬೇಕು. ಮ್ಯಾಲೆ ಕೂತ್ಕಳ್ಳಾ?"

"ಬಿದ್ದೀಯೆ!"

"ಬಿದ್ರೆ ಬಯಲಿಗೆ ತಾನೆ ಬೀಳದು!"

ಪುಟ್ಟಸ್ವಾಮಿ ನಗಲು ಹೋದವನು ಅವಳು ಮತ್ತೊಮ್ಮೆ ಒಳಗೆ ಇಣುಕಿ ಹಿಂದೆ ಸರಿದದ್ದನ್ನು ಕಂಡು ಏಣಿ ತೋರಿಸಿದ.

ಆರು ವರ್ಷದ ಹಿಂದೆ ಹೊಗೆಸೊಪ್ಪನ್ನು ಕಾವಿನಲ್ಲಿ ಒಣಗಿಸುವ ಎತ್ತರದ ಮಣ್ಣಿನ ಮನೆ, ಊರವರು ‘ಬ್ಯಾರನ್ನು’ ಎನ್ನುವಂಥದು, ಕುಸಿದಿತ್ತು. ಕೂಲಿಗೆ ಹೋಗಿದ್ದ ಬೆಟ್ಟಮ್ಮ ಮತ್ತು ಅವಳ ವಾರಗಿತ್ತಿ ಮಾದಮ್ಮ ಅದರಡಿ ಸಿಕ್ಕಿಬಿದ್ದಿದ್ದರು. ಬದುಕಿ ಬಂದವಳು ಬೆಟ್ಟಮ್ಮ ಒಬ್ಬಳೇ. ಅಂದಿನಿಂದ ಅವಳ ಊಟ ಅಂಗಳದಲ್ಲಿ, ನಿದ್ದೆ ಹೊಂಗೆಮರದ ಕೆಳಗೆ, ಮಳೆ ಬಂದರೆ ಕಂಬಳಿಕೊಪ್ಪೆ.

ಬಸ್ಸು ಹೊರಟಿತು. ಅಯ್ಯೋ ಗಾಳಿ, ಎಷ್ಟೊಂದು ಗಾಳಿ, ಸೆರಗು ಹಿಡಿ, ಮೂಟೆ ಹಿಡಿ, ಯಾರದಪ್ಪ ಈ ಹುಂಜ, ಬುಟ್ಟಿಯಿಂದ ನನ್ನನ್ನೇ ನೋಡ್ತದಲ್ಲ, ನಿಂಗೂ ಒಳಗೆ ಆಗಲ್ವೇನ್ಲಾ, ಗದ್ದೆ ಓಡಿತು, ತೋಪು ಓಡಿತು, ಅಗೋ ಅಂಥದೇ ಇನ್ನೊಂದು ಬ್ಯಾರನ್ನು, ಹೊಗೆ, ಮಾದೀ, ಕೈ ಬಿಡಬೇಡ ಕಣೇ ಅಂದೆಯಲ್ಲ, ಬಿಡಲಿಲ್ಲ ಕಣೇ, ದೇವರಾಣೆ, ನಾನು ಬಿಡಲಿಲ್ಲ, ಬಾಯಿಗೆ ಮಣ್ಣು, ಕಣ್ಣಿಗೆ ಮಣ್ಣು, ಇಲ್ಲ, ಇದು ರಸ್ತೆಯ ಧೂಳು, ಬರೀ ಧೂಳು, ಬ್ಯಾರನ್ನು ಹಿಂದೆ ಹೋಯಿತು, ಮೊಣಕಾಲುದ್ದ ಆಯಿತು, ಬೆಂಕಿಪೊಟ್ಟಣದಷ್ಟಾಯಿತು, ಥೂ ನಿನ್ನ, ಇಷ್ಟೇನಾ ನೀನು! ಹುಣಸೆಕೊಂಬೆ ಬಂತು, ಬಗ್ಗು, ಹೋಯಿತು, ಇನ್ನೊಂದು ಬರಲಿ!

ಅರಕಲಗೂಡಿನ ಪೇಟೆಯಲ್ಲಿ ಜನ ಕತ್ತೆತ್ತಿ ನೋಡಿದರು. "ಯಾರಮ್ಮೋ ಅದು ಮ್ಯಾಲೆ?"

"ಅಜ್ಜಿ ಆಗಿವ್ನಿ ಕಣ್ರಪ್ಪೋ!" ಎಂದು ಬೆಟ್ಟಮ್ಮ ಎರಡೂ ಕೈ ಎತ್ತಿ ಕೂಗಿದಳು. ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ಮಗಳು ಶಿವಗಂಗಮ್ಮ ಕೂಸನ್ನು ಎತ್ತಿಕೊಂಡು ಜಗುಲಿಯವರೆಗೆ ಬಂದಳು. ಮೇಲೆ ಹೆಂಚು. ಕೆಳಗೆ ಬಿಸಿಲಲ್ಲಿ ಅವ್ವ.

"ಮೂರೇ ಮೆಟ್ಲು ಕಣವ್ವ."

ಬೆಟ್ಟಮ್ಮ ಕಣ್ಣು ಮುಚ್ಚಿ ಹತ್ತಿದಳು. ಕೂಸನ್ನು ತೋಳಿಗೆ ತೆಗೆದುಕೊಂಡಳು, ಅದು ಆಕಳಿಸಿತು, ಅಷ್ಟರಲ್ಲಿ ಉಸಿರು ಸಾಲದೆ ಕೂಸಿನ ಸಮೇತ ಕೆಳಕ್ಕೆ ಓಡಿದಳು.

"ಏಯ್! ಮಗು ತಗೊಂಡೆಲ್ಲಿಗೆ?" ಎಂದು ಆಯಾ ಬೆನ್ನಟ್ಟಿದಳು.

ಬೆಟ್ಟಮ್ಮ ಬಾವಿಕಟ್ಟೆ ಸುತ್ತಿ ಬಂದು ತಾನಾಗಿಯೇ ಮತ್ತೆ ಹತ್ತಿದಳು. ಮತ್ತೆ ಓಡಿದಳು. ನಾಲ್ಕನೇ ಸಲಕ್ಕೆ ಆಯಾ ಸುಸ್ತಾಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೂಸು ಮಾತ್ರ ನಿದ್ದೆ ಹೋಗಿತ್ತು.

"ಸಾಕು ಸುಮ್ಕಿರವ್ವ," ಶಿವಗಂಗಮ್ಮ ಕಂಬ ಹಿಡಿದು ನಗುತ್ತಿದ್ದಳು, "ಒಟ್ಟೆ ನೋಯ್ತದೆ."