ಭಂಡಾರ ಹಾಕಿದ ಹೆಜ್ಜೆ

ಗಿರಮಲ್ಲಪ್ಪ ಹುಲಿಯನ್ನು ಕಂಡದ್ದು ನಾಲ್ಕು ಉಸಿರಿನಷ್ಟು ಹೊತ್ತು ಮಾತ್ರ. ಗಲಗಲಿಯ ಹೊಳೆದಂಡೆಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ಅವನ ಕುರಿಗಳೆಲ್ಲ ಒಮ್ಮೆಲೇ ಒಂದಕ್ಕೊಂದು ಒತ್ತಿಕೊಂಡು ನಿಂತುಬಿಟ್ಟವು. ಎದುರಿಗೆ, ಕೃಷ್ಣೆಯ ನೀರಿಗೆ ಮುಖ ತಗ್ಗಿಸಿ ಅದು ಕುಡಿಯುತ್ತಿತ್ತು. ತಲೆಯೆತ್ತಿ ಇವನನ್ನು ನೋಡಿತು. ನೋಡತಕ್ಕದ್ದೇನೂ ಇಲ್ಲವೆಂಬಂತೆ ತಿರುಗಿ ಕಬ್ಬಿನೊಳಗೆ ಹೋಯಿತು. ಅರವತ್ತೆಂಟು ವರ್ಷ ಬದುಕಿದ ಮೇಲೆ ತನ್ನನ್ನು ಮೊದಲ ಸಲ ಯಾರೋ ನೋಡಿದರೆಂದು ಅವನಿಗೆ ಅನ್ನಿಸಿತು.

ಅರಣ್ಯ ಇಲಾಖೆಯ ಗಾರ್ಡ್ ಸಂಘಮಿತ್ರಾಳಿಗೆ ಫೋನು ಮಾಡಿದ. ಪಡುವಣ ಘಟ್ಟದ ಕಾಡಿನಿಂದ ಹೊರಟ ಗಂಡುಹುಲಿಯೊಂದು ತನ್ನದೆನ್ನುವ ನೆಲೆ ಹುಡುಕುತ್ತ ಹೊಳೆಗುಂಟ ಬರುತ್ತಿದೆಯೆಂದು ಹೇಳಿ, ವಾರದ ಹಿಂದೆ ಅವಳೇ ನಂಬರು ಕೊಟ್ಟು ಹೋಗಿದ್ದಳು.

"ಕಾಕಾರ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಹಗಲೆಲ್ಲ ಕಬ್ಬಿನ್ಯಾಗ ಮಲಗಿರ್ತದ, ಕತ್ತಲಾದಮ್ಯಾಗ ತನ್ನ ದಾರಿ ಹಿಡೀತದ. ಮಂದಿ ಕೂಡಿದ್ರ ಅದು ಉಳಿಯೂದಿಲ್ಲ."

"ಬೀರಪ್ಪನ ಆಣಿ ಮಾಡ್ತೇನವ್ವ, ಬಾಯಿ ಬಿಡೂದಿಲ್ಲ."

ಬಾಯಿ ಬಿಡಲೂ ಇಲ್ಲ. ಆದರೆ ಒದ್ದೆ ಮಣ್ಣಿನಲ್ಲಿ ಮೂಡಿದ ಆ ಹೆಜ್ಜೆಗಳನ್ನು ಬರಿದಾಗಿ ಬಿಟ್ಟುಬರಲು ಮನಸ್ಸು ಒಪ್ಪಲಿಲ್ಲ. ಹೊಸ ಮರಿ ಹುಟ್ಟಲಿ, ಹೊಸ ಕಂಬಳಿ ಬರಲಿ, ಮನೆದೇವರು ಬೀರೇಶ್ವರನ ಭಂಡಾರ ಹಾಕದೆ ಮುಟ್ಟದ ಮನೆತನ ಅವನದು. ಸೊಂಟದ ಚೀಲದಿಂದ ಆ ಅರಿಶಿನಪುಡಿಯನ್ನು ತೆಗೆದು, ಹೆಜ್ಜೆ ಹೆಜ್ಜೆಗೂ ಒಂದೊಂದು ಚಿಟಿಕೆ ಹಾಕಿ ಕೈಮುಗಿದ. ನೀರಿನಂಚಿನಿಂದ ಕಬ್ಬಿನಂಚಿನವರೆಗೆ ಹಳದಿಯ ಸಾಲು ಬೆಳಗಿತು.

ಹೊಲಕ್ಕೆ ನೀರು ಬಿಡಲು ಬಂದ ತಮ್ಮನ ಮಗ ಭೀಮಶಿ ಅದನ್ನು ಕಂಡ. ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದ. ಬಿಸಿಲೇರುವುದರೊಳಗೆ ಮುಧೋಳ, ಜಮಖಂಡಿ, ಬನಹಟ್ಟಿಯ ಬೈಕುಗಳು ದಂಡೆಗಿಳಿದವು. ಬೈಕಿನ ಮೇಲೆ 'ಹುಲಿ' ಎಂದು ಬರೆಸಿಕೊಂಡವರೇ ಹೆಚ್ಚು. ಒಬ್ಬ ಭಜಿ ಕರಿಯಲು ಒಲೆ ಹೂಡಿದ. ಗುಟಕಾದ ಕೆಂಪು ಉಗುಳು ಭಂಡಾರದ ಪಕ್ಕದಲ್ಲೇ ಬಿದ್ದು ಹರಿಯಿತು. ಮಗುವಿಗೆ ತಾಯಿತ ಮಾಡಿಸಲೆಂದು ಒಬ್ಬಾಕೆ ಹೆಜ್ಜೆಯ ಮಣ್ಣನ್ನೇ ಕೆರೆದು ಗುಟಕಾ ಚೀಟಿಗೆ ತುಂಬಿಕೊಂಡಳು. ತೇರದಾಳದ ಅಪ್ಪಾಸಾಬ ಎಂಬ ದಪ್ಪ ಮೈಯ ಮನುಷ್ಯ ಬೂಟುಗಾಲನ್ನು ಹೆಜ್ಜೆಯೊಳಗೂರಿ, "ನಂದ ದೊಡ್ಡದೈತಿ ನೋಡ್ರಲೇ!" ಎಂದು ನಗುತ್ತ ಫೋಟೊ ತೆಗೆಸಿಕೊಂಡ.

ಗಿರಮಲ್ಲಪ್ಪ ಅವರೆದುರಿಗೆ ಬಂದು ನಿಂತ.

"ಮಲಗಿದ್ದನ್ನ ಯಾಕ ಎಬ್ಬಸ್ತೀರಿ? ಹೋಗ್ರೆಪಾ."

"ಏ ಮುತ್ಯಾ, ಹುಲಿ ಏನ್ ನಿನ್ನ ಅಳಿಯಾ ಏನ್?"

"ಹೌದಲೇ, ಅರಿಶಿಣಾನೂ ಹಚ್ಯಾನಲ್ಲ. ಮದಿವಿ ಅಕ್ಕಿಕಾಳು ಯಾವಾಗ ಮುತ್ಯಾ?"

ಎಲ್ಲರೂ ನಕ್ಕರು. ಗಿರಮಲ್ಲಪ್ಪ ತನ್ನ ಬೆರಳುಗಳನ್ನು ನೋಡಿಕೊಂಡ. ಈ ಹೊಲಸನ್ನೆಲ್ಲ ಕರೆತಂದದ್ದು ಅವೇ. ಅಲ್ಲಿಯವರೆಗೆ ಮಂದಿಯ ಮೇಲಿದ್ದ ಹೇಸಿಗೆ ಈಗ ಉಗುರುಸಂದಿಗೆ ಬಂದು ಕೂತಿತು.

ಅಷ್ಟರಲ್ಲಿ ಯಾರೋ ಪಟಾಕಿಯ ಸರಕ್ಕೆ ಬೆಂಕಿ ಹಚ್ಚಿ ಕಬ್ಬಿಗೆ ಎಸೆದರು. ಗರಿಗಳನ್ನು ಸೀಳಿಕೊಂಡು ಹುಲಿ ಹೊರಬಿತ್ತು. ಬೆಳಗಿನ ಆ ದೊರೆತನ ಉಳಿದಿರಲಿಲ್ಲ. ಕಿವಿ ಹಿಂದಕ್ಕೆ ಅಂಟಿ, ಹೊಟ್ಟೆ ನೆಲಕ್ಕೆ ಕುಸಿದು, ಬಾಯಲ್ಲಿ ನೊರೆ ಕಟ್ಟಿತ್ತು. ಬದು ಹಾರಿ ಆಚೆಯ ಕಬ್ಬಿನಲ್ಲಿ ಮರೆಯಾಯಿತು. ಕೇಕೆ ಎದ್ದಿತು.

"ಥೂ, ವಿಡಿಯೊ ಅಲುಗಾಡೇತಿ. ಇನ್ನೊಮ್ಮೆ ಎಬ್ಬಸೂಣು ನಡೀರಿ!"

ಬೈಕನ್ನು ದಾರಿಯಲ್ಲೇ ಬಿಟ್ಟು ಸಂಘಮಿತ್ರಾ ಓಡಿಬಂದಳು.

"ಯಾರಿಗೆ ಹೇಳಿದ್ರಿ, ಕಾಕಾರ?"

"ಬಾಯಿಲೆ ಹೇಳಿಲ್ಲವ್ವ. ಇದರಲೆ ಹೇಳೀನಿ," ಎಂದು ಹಳದಿ ಹಿಡಿದ ಬೆರಳುಗಳನ್ನು ಚಾಚಿದ.

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಪೊಲೀಸರು ಬರಾಕ ಅರ್ಧಾ ತಾಸು ಬೇಕು. ಅಲ್ಲೀತನಾ ಇವ್ರಿಗೆ ಮುಂದಿನ ಹೆಜ್ಜಿ ಸಿಗಬಾರದ್ರಿ," ಎಂದವಳೇ ಗುಂಪಿಗೆ ಅಡ್ಡ ನಿಂತಳು. ಅವರು ಅವಳ ಎಡಕ್ಕೂ ಬಲಕ್ಕೂ ಹರಿದು ಹುಡುಕತೊಡಗಿದರು.

ಗಿರಮಲ್ಲಪ್ಪ ಬದುವಿನಾಚೆಗೆ ನಡೆದ. ಭೀಮಶಿ ಬಿಟ್ಟ ನೀರಿಗೆ ನೆಲ ನೆನೆದು, ಹೆಜ್ಜೆಗಳು ಅಚ್ಚೊತ್ತಿದಂತೆ ಕಬ್ಬಿನತ್ತ ಸಾಗಿದ್ದವು. ಸಿಳ್ಳೆ ಹಾಕಿದ. ಕುರಿಗಳು ಬಂದವು. ಮುಂದಿನ ಕುರಿ ವಾಸನೆ ಹಿಡಿದು ಕಾಲೂರಿ ನಿಂತಿತು. ಅದರ ಕುತ್ತಿಗೆ ಹಿಡಿದು ನೂಕಿದ. ಅದು ನಡೆಯಿತು, ಹಿಂಡೆಲ್ಲ ಹಿಂದೆ ನಡೆಯಿತು. ಬೆಳಿಗ್ಗೆ ಕೈಮುಗಿದ ಪಾದ ಗೊರಸುಗಳಡಿ ರಾಡಿಯಾಗುವಾಗ ಅವನು ಮುಖ ತಿರುವಿದ.

ಮತ್ತೆ ನೋಡಿದಾಗ ಬದುವಿನ ಮೂಲೆಯಲ್ಲಿ ಒಂದೇ ಒಂದು ಹೆಜ್ಜೆ ಇಡಿಯಾಗಿ ಉಳಿದಿತ್ತು. ಮಾತುಗಳು ಹತ್ತಿರವಾದವು. ಗಿರಮಲ್ಲಪ್ಪ ಚಪ್ಪಲಿ ಕಳಚಿಟ್ಟು, ಬರಿಗಾಲನ್ನು ಅದರೊಳಗಿಟ್ಟ. ತಣ್ಣಗಿತ್ತು.

"ದೊಡ್ಡಪ್ಪಾ, ಹುಲಿ ಈ ಕಡೆ ಬಂತೇನು?" ಫೋನು ಎತ್ತಿ ಹಿಡಿದು ಭೀಮಶಿ ಕೇಳಿದ. ಅವನ ಹಿಂದೆ ಅಪ್ಪಾಸಾಬ ಏದುಸಿರು ಬಿಡುತ್ತಿದ್ದ.

"ಕುರಿ ಬಂದಾವಲೇ. ಕಣ್ಣ ಕಾಣಸೂದಿಲ್ಲೇನು?"

ಅಪ್ಪಾಸಾಬ ಕ್ಯಾಕರಿಸಿ ಉಗುಳಿದ. ಬೆಚ್ಚಗಿನ ಕೆಂಪು ಗಿರಮಲ್ಲಪ್ಪನ ಪಾದದ ಮೇಲೆ ಬಿದ್ದು ಬೆರಳಸಂದಿಗೆ ಇಳಿಯಿತು. ದೂರದಲ್ಲಿ ಪೊಲೀಸರ ಜೀಪಿನ ಸದ್ದು ಕೇಳಿತು. ದಂಡೆ ಬರಿದಾಗುವವರೆಗೂ ಅವನು ಆ ಕಾಲನ್ನು ಎತ್ತಲಿಲ್ಲ.